ಎರಡು ವಸತಿಶಾಲೆಗಳು, ಇಬ್ಬರು ಸಾಕ್ಷಿಗಳು

ರಾಬರ್ಟ್ ಮುಸಿಲ್‌ನ ಜರ್ಮನ್ ಕಾದಂಬರಿ 'ಟೋರ್ಲೆಸ್' (1906), ಅನಂತಮೂರ್ತಿಯವರ 'ಘಟಶ್ರಾದ್ಧ' ಎರಡೂ ಮನೆಯಗಲಿ ಓದಲು ಬಂದ ಬಾಲಕರ ತಳಮಳದ ಕಥನಗಳು. ಎರಡನೆಯದು ನೀಳ್ಗತೆಯಾದರೂ ಕಾದಂಬರಿಯ ಹರವುಳ್ಳದ್ದು.

ಕದ್ದು ಸಿಕ್ಕಿಬಿದ್ದ ಬಸೀನಿಯನ್ನು ಸಹಪಾಠಿಗಳು ಹಿಂಸಿಸುವಾಗ ಟೋರ್ಲೆಸ್ ಅದನ್ನು ಗಣಿತದ ಕಾಲ್ಪನಿಕ ಸಂಖ್ಯೆಯಂತೆ ಬಿಡಿಸಿ ನೋಡಬಯಸುತ್ತಾನೆ, ತಾನೂ ಪಾಲುಗೊಳ್ಳುತ್ತಾನೆ. ಆ ಬುದ್ಧಿಸೂಕ್ಷ್ಮತೆಯನ್ನು ನಾವು ಮೆಚ್ಚುತ್ತೇವೆ. ಆದರೆ ಅಲ್ಲಿ ನೊಂದವನು ನಿಮಿತ್ತಮಾತ್ರ.

ವೇದಪಾಠಶಾಲೆಯ ಬಾಲಕನಿಗೆ ಅಂಥ ದೂರವಿಲ್ಲ. ಗರ್ಭಿಣಿಯಾದ ವಿಧವೆ, ಗುರುಪುತ್ರಿ ಯಮುನಕ್ಕ, ಅವನಿಗೆ ಅಲ್ಲಿದ್ದ ಏಕೈಕ ಆಸರೆ. ಸತ್ತವರಿಗೆ ನಿತ್ಯವೂ ಪಿಂಡವಿಡುವ ಈ ಕಾಶಿಯಲ್ಲಿ ಕುಳಿತು ಓದುವಾಗ, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವ ಪ್ರಸಂಗವನ್ನು ನಾವು ಬರಿಯ ಸಂಕೇತವೆಂದು ದಾಟಿಹೋಗಲಾರೆವು.

ತಾಯಿಯೊಡನೆ ಹೊರಡುವ ಟೋರ್ಲೆಸ್‌ಗೆ ಹಿಂದಿನದು ಮುಗಿದುಹೋಗಿದೆ. ತಂದೆಯೊಡನೆ ಹೊರಟ ಈ ಬಾಲಕನ ಬೆನ್ನಹಿಂದೆ ಯಮುನಕ್ಕ ಇನ್ನೂ ಇದ್ದಾಳೆ.