ಒಳಗೂ ಅಲ್ಲದ, ಹೊರಗೂ ಅಲ್ಲದ ನಾಡು: ಹೈದರಾಬಾದಿನ ಸೈನಿಕ ಆಡಳಿತವನ್ನು ಕುರಿತು

ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ, ವಾಡಿ: ಇಂದು ಕಲಬುರಗಿ ಜಿಲ್ಲೆಗೆ ಸೇರಿದ ಈ ಊರುಗಳು 1948ರ ಸೆಪ್ಟೆಂಬರಿನಿಂದ 1949ರ ಕೊನೆಯವರೆಗೆ, ಹೈದರಾಬಾದ್ ಸಂಸ್ಥಾನದ ಉಳಿದ ಭಾಗಗಳಂತೆ, ಸೈನಿಕ ರಾಜ್ಯಪಾಲ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಆಳ್ವಿಕೆಗೆ ಒಳಪಟ್ಟಿದ್ದವು. ನಿಜಾಮರ ಫರ್ಮಾನಿನ ಬಲದಿಂದ ಶಾಸನವೂ ಆಡಳಿತವೂ ಒಬ್ಬರ ಕೈಯಲ್ಲಿ ಕೂಡಿದ್ದವು. ರಜಾಕಾರರ ಹಾವಳಿಯಿಂದ ನೊಂದ ನಾಡಿಗೆ ಅಂಥ ಅಧಿಕಾರವು ಕೆಲಕಾಲ ಬೇಕಾಗಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದಕ್ಕೆ ಮೇರೆ ಹಾಕಬೇಕಾದವರು ಯಾರು ಎಂಬುದೇ ನಮ್ಮ ಪ್ರಶ್ನೆ.

ನಿಜಾಮರ ದೂರು 1948ರ ಸೆಪ್ಟೆಂಬರ್ 16ರಂದು ಪ್ಯಾರಿಸಿನಲ್ಲಿ ಭದ್ರತಾ ಮಂಡಲಿಯ ಮುಂದೆ ಬಂದಾಗ ಭಾರತದ ಪರವಾಗಿ ವಾದಿಸಿದವರು, ಆಗ ಮೈಸೂರಿನ ದಿವಾನರೂ ಆಗಿದ್ದ ಎ. ರಾಮಸ್ವಾಮಿ ಮೊದಲಿಯಾರರು. ಮಂಡಲಿಯ ಮುಂದೆ ಬರುವ ಅರ್ಹತೆಯೇ ಹೈದರಾಬಾದಿಗೆ ಇಲ್ಲವೆಂಬುದು ಅವರ ನಿಲುವು. ಕೆಲವೇ ದಿನಗಳಲ್ಲಿ ನಿಜಾಮರು ದೂರನ್ನು ಹಿಂತೆಗೆದುಕೊಂಡರು. ಇತ್ತ, ವಿಶೇಷ ನ್ಯಾಯಮಂಡಲಿಯಿಂದ ಮರಣದಂಡನೆಗೆ ಗುರಿಯಾದ ಜನಾರ್ದನ ರೆಡ್ಡಿ ಮೊದಲಾದವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಾಗ, 1950ರ ಡಿಸೆಂಬರಿನಲ್ಲಿ ದೊರೆತ ಉತ್ತರವೇನು? 1950ರ ಜನವರಿ 26ಕ್ಕೆ ಮುನ್ನ ತೀರ್ಪಿತ್ತ ಹೈದರಾಬಾದ್ ಹೈಕೋರ್ಟು ಭಾರತದ ಕ್ಷೇತ್ರದೊಳಗಣ ನ್ಯಾಯಾಲಯವಾಗಿರಲಿಲ್ಲ. ಆದಕಾರಣ ಮೇಲ್ಮನವಿಗೆ ಅವಕಾಶವಿಲ್ಲ.

ಪ್ಯಾರಿಸಿನಲ್ಲಿ ಒಳಗಿನದಾಗಿದ್ದ ನಾಡು ದೆಹಲಿಯಲ್ಲಿ ಹೊರಗಿನದಾಯಿತು! ಈ ತೀರ್ಪನ್ನು ಕೇವಲ ಅಧಿಕಾರವ್ಯಾಪ್ತಿಯ ತೀರ್ಪೆಂದು ಓದುವುದು ವಾಡಿಕೆ. ಆ ಓದು ಸಾಲದೆಂದು ನಮಗೆ ತೋರುತ್ತದೆ. ಒಂದೊಂದು ವಾದವೂ ತನ್ನ ಮಟ್ಟಿಗೆ ಸಮರ್ಥವೇ ಸರಿ. ಎರಡನ್ನೂ ಕೂಡಿಸಿ ಓದಿದಾಗ ಮಾತ್ರ, ಪ್ರಜೆಗೆ ದೂರು ಹೇಳಿಕೊಳ್ಳಲು ಯಾವ ಬಾಗಿಲೂ ಇರಲಿಲ್ಲವೆಂಬುದು ಕಾಣುತ್ತದೆ. 1953ರ ಕಾಸಿಂ ರಜ್ವಿ ಮೊಕದ್ದಮೆಯಲ್ಲಿಯೂ ಜನವರಿ 26ರ ಗೆರೆಯೇ ಮುಖ್ಯವಾಯಿತು. ಆದರೆ ಅಲ್ಲಿ ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತವಿತ್ತರು. ರಜಾಕಾರರ ನಾಯಕನ ವಿಷಯದಲ್ಲಿಯೂ ಸಮಾನತೆಯ ಪ್ರಶ್ನೆಯನ್ನು ಬಿಡದ ಆ ಭಿನ್ನಮತವನ್ನು ನಮ್ಮವರು ಇನ್ನಷ್ಟು ಓದಬೇಕಾಗಿದೆ.

1999ರಲ್ಲಿ ವಿಶ್ವಸಂಸ್ಥೆಯು ಕೊಸೊವೊ ಪ್ರದೇಶದ ಆಡಳಿತವನ್ನು ವಹಿಸಿಕೊಂಡಾಗಲೂ ಅಧಿಕಾರವೆಲ್ಲ ಒಬ್ಬ ಪ್ರತಿನಿಧಿಯ ಕೈ ಸೇರಿತು. ಆದರೆ ಅಲ್ಲಿ ಮಾನವ ಹಕ್ಕುಗಳ ಲೋಕಪಾಲರೊಬ್ಬರಿದ್ದರು. ನ್ಯಾಯಾಲಯವನ್ನು ಬದಿಗಿಟ್ಟು ಆ ಪ್ರತಿನಿಧಿಯ ಆಜ್ಞೆಯಿಂದಲೇ ಜನರನ್ನು ಬಂಧನದಲ್ಲಿಡುವುದು ಸಲ್ಲದೆಂದು ಅವರು 2001ರಲ್ಲಿ ಬಹಿರಂಗವಾಗಿ ವರದಿಯಿತ್ತರು.

ನಮ್ಮಲ್ಲಿ ವರದಿಯಿತ್ತವರು ಪಂಡಿತ ಸುಂದರಲಾಲರ ತಂಡದವರು. ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲಿಯೂ ಅನಂತರವೂ ಸತ್ತವರ ಸಂಖ್ಯೆ 27,000ದಿಂದ 40,000 ಎಂದು ಅವರು ಅಂದಾಜು ಮಾಡಿದರು; ಅತಿ ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯು ಡಿಸೆಂಬರ್ 10ರಂದು ಅದೇ ಪ್ಯಾರಿಸಿನಲ್ಲಿ ಅಂಗೀಕೃತವಾದಾಗ ಆ ತಂಡವು ಸಂಸ್ಥಾನದ ಹಳ್ಳಿಗಳಲ್ಲಿ ಸಂಚರಿಸುತ್ತಿತ್ತು. ವರದಿಯನ್ನು ಸರ್ಕಾರವು ದಶಕಗಳ ಕಾಲ ಪ್ರಕಟಿಸಲಿಲ್ಲ.