ನಕಲಿನ ಮೇಲಿನ ಐದು ತಾರೀಖುಗಳು

ನ್ಯಾಯಾಲಯದ ದಾಖಲೆಯೆಲ್ಲ ಈಗ ಜನರ ಅಂಗೈಗೇ ಬಂದಿದೆ ಎಂಬ ಹೊಗಳಿಕೆ ಇ-ಕೋರ್ಟ್ಸ್ ಯೋಜನೆಗೆ ಸಲೀಸಾಗಿ ಸಂದುಬಿಟ್ಟಿದೆ. 2007ರಲ್ಲಿ ಆರಂಭವಾದ ಇದರ ಮೂರನೆಯ ಹಂತಕ್ಕೆ 2023ರಲ್ಲಿ ಕೇಂದ್ರ ಸಂಪುಟ 7,210 ಕೋಟಿ ರೂಪಾಯಿ ಮಂಜೂರು ಮಾಡಿತು. ಪ್ರಕರಣದ ಗುರುತಾದ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಒತ್ತಿದರೆ ಮುಂದಿನ ವಾಯಿದೆ ಗೊತ್ತಾಗುತ್ತದೆ. ನಿಜ. ಆದರೆ ಚೆನ್ನೈನ ಪ್ಯಾರಿಸ್ ಕಾರ್ನರ್ ಬಳಿಯ ಮದ್ರಾಸ್ ಹೈಕೋರ್ಟಿಗೆ ಬರುವ ಕಕ್ಷಿದಾರರಿಗೆ ಬೇಕಾದದ್ದು ಇಷ್ಟೇ ಅಲ್ಲ. ದೃಢೀಕೃತ ನಕಲು ಯಾವಾಗ ಸಿಗುತ್ತದೆ, ಮೇಲ್ಮನವಿಗೆ ಎಷ್ಟು ದಿನ ಉಳಿದಿದೆ?

ಕನ್ನಡಿಗರಿಗೆ ಇದು ಪರರ ಮಾತಲ್ಲ. 1862ರಲ್ಲಿ ಸ್ಥಾಪನೆಯಾದ ಈ ನ್ಯಾಯಾಲಯವೇ 1956ರವರೆಗೆ ಮಂಗಳೂರು, ಕಾಸರಗೋಡು, ಕೊಳ್ಳೇಗಾಲಗಳಿಗೂ ಹೈಕೋರ್ಟ್. ಅಳಿಯಸಂತಾನದ ಎಷ್ಟೋ ಆಸ್ತಿ ವ್ಯಾಜ್ಯಗಳು ಇಲ್ಲಿಗೇ ಬಂದವು. ತಮಿಳುನಾಡಿನ ಹೊಸೂರು, ತಾಳವಾಡಿಯವರು ಇಂದಿಗೂ ಇಲ್ಲಿಗೇ ಬರಬೇಕು.

ಯಾರೂ ಹೊಗಳದ ವಸ್ತು ಆ ದೃಢೀಕೃತ ನಕಲಿನ ಮೇಲಿರುವ ಮುದ್ರೆ. ಮದ್ರಾಸ್ ಪದ್ಧತಿಯ ನಕಲಿನಲ್ಲಿ ಐದು ತಾರೀಖುಗಳಿರುತ್ತವೆ: ಅರ್ಜಿ ಕೊಟ್ಟದ್ದು, ಸ್ಟಾಂಪು ಕೇಳಿದ್ದು, ಕಟ್ಟಿದ್ದು, ನಕಲು ಸಿದ್ಧವಾದದ್ದು, ಕೈಗೆ ಕೊಟ್ಟದ್ದು. ಕಾಲಮಿತಿ ಕಾಯ್ದೆ, 1963ರ 12ನೇ ಕಲಮಿನ ಲೆಕ್ಕ ನಿಂತಿರುವುದು ಇವುಗಳ ಮೇಲೆ. ಸಿವಿಲ್ ಡಿಕ್ರಿಯ ವಿರುದ್ಧ ಹೈಕೋರ್ಟಿಗೆ ಹೋಗಲು 90 ದಿನ, ಕೆಳಗಿನ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ; ನಕಲು ಪಡೆಯಲು ಅಗತ್ಯವಾದ ಕಾಲವನ್ನು ಇದರಿಂದ ಕಳೆಯಬಹುದು. ಹತ್ತನೇ ತಾರೀಖು ಅರ್ಜಿ ಹಾಕಿ, ಹದಿನಾಲ್ಕಕ್ಕೆ ಸ್ಟಾಂಪು ಕೇಳಿದ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದು, ಕಕ್ಷಿದಾರ ಇಪ್ಪತ್ತಕ್ಕೆ ಕಟ್ಟಿದನೆನ್ನಿ. ತಡ ಅವನದೇ ಆದರೆ ಆ ದಿನಗಳು ಅವನ ಖಾತೆಗೇ. ಸಿದ್ಧವಾದ ಮೇಲೆ ಒಯ್ಯದೆ ಬಿಟ್ಟ ದಿನಗಳೂ ಹಾಗೆಯೇ. ಇನ್ನೂ ಮೋಸದ ಜಾಗ ಅದೇ ಕಲಮಿನ ವಿವರಣೆಯಲ್ಲಿದೆ: ಡಿಕ್ರಿ ತಯಾರಾಗಲಿ, ಆಮೇಲೆ ಅರ್ಜಿ ಹಾಕೋಣ ಎಂದು ಕಾದರೆ, ಆ ಕಾಯುವಿಕೆಗೆ ವಿನಾಯಿತಿಯಿಲ್ಲ. ನ್ಯಾಯಾಲಯ ತನ್ನ ವಿಳಂಬವನ್ನೂ ಕಕ್ಷಿದಾರನ ವಿಳಂಬವನ್ನೂ ಒಂದೇ ಹಾಳೆಯಲ್ಲಿ ಒಪ್ಪಿಕೊಳ್ಳುವುದು ಇಲ್ಲಿ ಮಾತ್ರ. ಪರದೆಯಲ್ಲಿ ಕಾಣುವ ವಾಯಿದೆಗೆ ಈ ಯೋಗ್ಯತೆಯಿಲ್ಲ.

ಮಾಹಿತಿ ಹಕ್ಕಿನ ವಕಾಲತ್ತು ವಹಿಸುವ ವಿಮರ್ಶಕರಿಗೆ ಇದೆಲ್ಲ ಗುಮಾಸ್ತಗಿರಿ. ಹತ್ತು ರೂಪಾಯಿಯ ಅರ್ಜಿಯಲ್ಲಿ ಎಲ್ಲ ಸಿಗಬೇಕಿತ್ತು, 2020ರ ಮಾರ್ಚ್ 4ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಕೆಡಿಸಿತು ಎಂಬುದು ಅವರ ದೂರು. ಆರ್. ಭಾನುಮತಿ, ಎ.ಎಸ್. ಬೋಪಣ್ಣ, ಹೃಷಿಕೇಶ್ ರಾಯ್ ಅವರ ಪೀಠ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ, ದಾಖಲೆ ಬೇಕಾದವರು ಆಯಾ ಹೈಕೋರ್ಟಿನ ನಿಯಮದ ದಾರಿಯಲ್ಲೇ ಬರಬೇಕು ಎಂದಿತು. ದೂರಿನಲ್ಲಿ ಅರ್ಧ ಹುರುಳಿದೆ: ತೆರೆದ ನ್ಯಾಯಾಲಯದಲ್ಲಿ ಓದಿದ ತೀರ್ಪಿನ ನಕಲನ್ನು ಮೂರನೆಯವರು ಕೇಳಿದರೆ ಕಾರಣ ಹೇಳಿ ಅಫಿಡವಿಟ್ ಕೊಡಬೇಕೆನ್ನುವುದು ಅತಿ. ಅಳಿಯಸಂತಾನದ ಹಳೆಯ ಮೊಕದ್ದಮೆ ಹುಡುಕುವ ಸಂಶೋಧಕ ಏನೆಂದು ಪ್ರಮಾಣ ಮಾಡಬೇಕು? ಉಳಿದರ್ಧ ಪೊಳ್ಳು. ಕಾಲಮಿತಿಯ ಲೆಕ್ಕಕ್ಕೆ ಬೇಕಾದ ಮುದ್ರೆ ಮಾಹಿತಿ ಹಕ್ಕಿನ ಲಕೋಟೆಯಲ್ಲಿ ಬರುವುದಿಲ್ಲ. 2021ರಿಂದ ಕಲಾಪವನ್ನು ಯೂಟ್ಯೂಬಿನಲ್ಲಿ ತೋರಿಸುತ್ತಿರುವ ಕರ್ನಾಟಕ ಹೈಕೋರ್ಟನ್ನು ಕೊಂಡಾಡುವವರೂ ವಾದ ನೋಡುವುದಕ್ಕೂ ದಾಖಲೆ ಪಡೆಯುವುದಕ್ಕೂ ಇರುವ ಅಂತರ ಮರೆಯುತ್ತಾರೆ.

ವಾಯಿದೆ ತಿಳಿಸಲು ಪೋರ್ಟಲ್ ಒಳ್ಳೆಯದೇ. ಹೊಗಳಿಕೆ ಅಲ್ಲಿಗೆ ಸಾಕು. ಸಾರ್ವಜನಿಕರಿಗಾಗಿ ಪ್ರಶ್ನೋತ್ತರ ಬರೆಸುವ ನ್ಯಾಯಾಲಯಗಳು 12ನೇ ಕಲಮನ್ನು ಮೊದಲ ಪುಟಕ್ಕೆ ತಂದು, ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕಿ ಎಂದು ತಮಿಳಿನಲ್ಲೂ, ಹೊಸೂರು-ತಾಳವಾಡಿಗಳಲ್ಲಿ ಕನ್ನಡದಲ್ಲೂ ಅಚ್ಚು ಹಾಕಿಸಬೇಕು.