ಗರಣೆ ತೆಗೆಯುವ ಜಾಲರಿಯೂ ಗಣಕದ ಸಾಕ್ಷ್ಯವೂ

ಮಿದುಳಿನ ದೊಡ್ಡ ಧಮನಿಯಲ್ಲಿ ರಕ್ತದ ಗರಣೆ ಸಿಕ್ಕಿ ಪಾರ್ಶ್ವವಾಯು ಬಡಿದಾಗ, ತೊಡೆಸಂದಿನಿಂದ ನಳಿಕೆಯನ್ನೇರಿಸಿ, ತಂತಿಯ ಜಾಲರಿಯನ್ನು ಗರಣೆಯೊಳಗೆ ಬಿಚ್ಚಿ, ಅದನ್ನು ಎಳೆದು ತೆಗೆಯುವ ಚಿಕಿತ್ಸೆಯ ಪ್ರಯೋಜನ 2015ರ ವೇಳೆಗೆ ಪ್ರಕಟವಾದ ಐದು ಪ್ರಯೋಗಗಳಿಂದ ಸಿದ್ಧಪಟ್ಟಿತು. ಆ ಜಾಲರಿಯನ್ನು ಗಣಕಯಂತ್ರದೊಳಗೇ ತಿದ್ದಿ ರೂಪಿಸಬಹುದೆಂಬ ವಾದ ಈಗ ಪ್ರಬಲವಾಗಿದೆ. ಇಟಲಿಯ ಮಿಲಾನ್ ಪಾಲಿಟೆಕ್ನಿಕ್ಕಿನ ವಿದ್ವಾಂಸರು ಒಬ್ಬ ರೋಗಿಯ ಧಮನಿಯ ಆಕಾರವನ್ನು ಹಿಡಿದು ಇಡೀ ಕ್ರಿಯೆಯನ್ನು ಲೆಕ್ಕದಲ್ಲಿ ನಡೆಯಿಸಿ 2021ರಲ್ಲಿ ಪ್ರಕಟಿಸಿದರು. ಪ್ರಯತ್ನ ಶ್ಲಾಘ್ಯವೇ, ತಂತಿಯ ದಪ್ಪವನ್ನೋ ಕಣ್ಣಿನ ಅಗಲವನ್ನೋ ನೂರು ಬಗೆಯಾಗಿ ಬದಲಿಸಿ ನೋಡಲು ನೂರು ಜಾಲರಿಗಳನ್ನು ಮಾಡಿಸಬೇಕಾಗಿಲ್ಲ.

ನಮ್ಮ ಆಕ್ಷೇಪ ಲೋಹದ ಲೆಕ್ಕದ ಮೇಲಲ್ಲ, ಗರಣೆಯ ಲೆಕ್ಕದ ಮೇಲೆ. ನಿಟಿನಾಲ್ ತಂತಿಯ ಗುಣವನ್ನು ಮೊದಲೇ ಅಳೆಯಬಹುದು. ಗರಣೆಯಾದರೋ ಒಂದರಂತೆ ಒಂದಿಲ್ಲ. ಕೆಂಪು ಕಣಗಳು ಹೆಚ್ಚಿದ್ದರೆ ಮೆತ್ತಗಿದ್ದು, ಚೂರಾಗಿ ಮುಂದಿನ ಕವಲುಗಳನ್ನು ಸೇರೀತು. ಫೈಬ್ರಿನ್ ಹೆಚ್ಚಿದ್ದರೆ ಗಡುಸಾಗಿ ಜಾಲರಿಯ ಕಣ್ಣಿಗೆ ಸಿಕ್ಕದೆ ಜಾರೀತು. ಅದರ ರಚನೆ ನಿಶ್ಚಯವಾಗಿ ತಿಳಿಯುವುದು ಹೊರತೆಗೆದು ಸೂಕ್ಷ್ಮದರ್ಶಕದಡಿ ಇಟ್ಟ ಮೇಲೆ! ಮೇಲಾಗಿ, ಅನೇಕ ಲೆಕ್ಕಗಳಲ್ಲಿ ಧಮನಿಯ ಗೋಡೆ ಅಲುಗದ ಕೊಳವೆ. ನಿಜವಾದ ಧಮನಿ ಎಳೆತಕ್ಕೆ ಜಗ್ಗುತ್ತದೆ. ಸೂಕ್ಷ್ಮ ಕವಲುಗಳು ಹರಿದು ರಕ್ತಸ್ರಾವವಾಗುವ ಭಯವಿರುವುದು ಅಲ್ಲಿಯೇ. ಅಲುಗದ ಗೋಡೆ ಆ ಭಯವನ್ನು ತೋರಿಸಲಾರದು.

ಫಲ ತಿಳಿದ ಮೇಲೆ ಲೆಕ್ಕ ಅದಕ್ಕೆ ಹೊಂದಿತೆಂಬುದನ್ನು ಮುನ್ಸೂಚನೆಯೆಂದು ಕರೆಯಲು ತರ್ಕ ಒಪ್ಪದು. ಮೊದಲನೆಯ ಎಳೆತಕ್ಕೆ ಬಾರದೆ ಮೂರನೆಯದಕ್ಕೆ ಬಂದ ಗರಣೆಗಳನ್ನೂ, ಬಾರದೆಯೇ ಉಳಿದವನ್ನೂ, ಫಲವನ್ನು ಮುಚ್ಚಿಟ್ಟು ಈ ಲೆಕ್ಕದ ಮುಂದಿಡಬೇಕು.